ಅರ್ಧ ಡೋಸ್ ಸಾಕು ಅಂದ ಮೇಸ್ತ್ರಿ

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ನಾವೆಲ್ಲ ಅರ್ಧ ವೈದ್ಯರಾಗುತ್ತೇವೆ. ನೂಲಿಗೆ ಬಣ್ಣ ಹಾಕುವ ನಮ್ಮ ಮೇಸ್ತ್ರಿಯಂತೂ ಮುಕ್ಕಾಲು ವೈದ್ಯ. ಅವನ ಹೆಂಡತಿಯ ಕಿಡ್ನಿ ಸ್ವಲ್ಪ ಸೋತಿದೆ ಎಂದು ಗೊತ್ತಾದಾಗ ಡಾಕ್ಟರು ಒಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು. ಕಿಡ್ನಿ ಸರಿಯಿಲ್ಲದಾಗ ಕೆಲವು ಔಷಧಿಗಳು ಮೈಯಲ್ಲೇ ಉಳಿಯುತ್ತವೆ ಎಂದಿದ್ದರು. ಮಾತು ಸರಿಯಾದದ್ದೇ. ಆದರೆ ಮೇಸ್ತ್ರಿ ಅದನ್ನು ಎಲ್ಲ ಔಷಧಿಗೂ ಅಂಟಿಸಿಬಿಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಈ ಸಲದ ಕಾಯಿಲೆ ದೊಡ್ಡದು. ಮೂತ್ರದ ಸೋಂಕು ರಕ್ತಕ್ಕೇರಿ, ಮಾತು ತೊದಲುತ್ತಾ ಹೆಂಡತಿ ಐಸಿಯು ಸೇರಿದಳು. ಸೆಪ್ಸಿಸ್ ಎಂದರು. ಮೊದಲೇ ಸೋತಿದ್ದ ಕಿಡ್ನಿ ಪೂರ್ತಿ ಕೈಚೆಲ್ಲಿತು, ಡಯಾಲಿಸಿಸ್ ಶುರುವಾಯಿತು. ಮೇಸ್ತ್ರಿಯೂ ನಾದಿನಿಯೂ ಹೊರಗಿನ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದುಕೊಂಡು ಕುಳಿತರು.

ಸಿಸ್ಟರ್ ಚೀಟಿ ಕೊಟ್ಟು ಇಂಜೆಕ್ಷನ್ ತರಲು ಕಳಿಸಿದರು. ಬರೆದದ್ದರಲ್ಲಿ ಅರ್ಧ ಸೀಸೆಗಳನ್ನಷ್ಟೇ ಮೇಸ್ತ್ರಿ ತಂದ.

"ಯಾಕ್ರೀ, ಅಂಗಡೀಲಿ ಇರ್ಲಿಲ್ವಾ?"

"ಇತ್ತು. ನಾನೇ ಬೇಡ ಅಂದೆ. ಕಿಡ್ನಿ ಹೋಗಿರೋಳಿಗೆ ನಿನ್ನೆಗಿಂತ ಜಾಸ್ತಿ ಬರೆದಿದ್ದೀರಿ. ಅವಳನ್ನ ಉಳಿಸ್ಕೊಳ್ಳೋಕೆ ಬಂದಿದ್ದೀನಿ ಸಿಸ್ಟರ್, ಕಳ್ಕೊಳ್ಳೋಕಲ್ಲ!"

ನಾದಿನಿಗೆ ರೇಗಿತು. "ಯಾರನ್ನ ಕೇಳಿ ಕಡಿಮೆ ಮಾಡಿದ್ರಿ ಭಾವ? ಒಳಗೆ ಮಲಗಿರೋಳು ನನ್ನ ಅಕ್ಕ, ನಿಮ್ಮ ಬಣ್ಣದ ತೊಟ್ಟಿ ಅಲ್ಲ!"

ಸಿಸ್ಟರ್ ಬೈಯಲಿಲ್ಲ. "ಯಜಮಾನ್ರೇ, ಬಣ್ಣ ಹಾಕಿದ ನೂಲನ್ನ ನೀರಲ್ಲಿ ಜಾಲಿಸಿದ್ರೆ ಬಣ್ಣ ಎಲ್ಲಾ ಹೋಗುತ್ತಾ?" ಎಂದು ಕೇಳಿದರು.

"ಎಳೆಗೆ ಕಚ್ಚಿದ್ದು ಹೋಗಲ್ಲ. ಕಚ್ಚದೆ ಇರೋದು ನೀರಿನ ಜೊತೆ ಹೋಗುತ್ತೆ."

"ಇಲ್ಲೂ ಹಾಗೇ. ಡಯಾಲಿಸಿಸ್ ಮೆಷಿನ್ನು ರಕ್ತದ ಕಸ ತೊಳೆಯುತ್ತೆ. ಕಸ ಯಾವುದು, ಔಷಧಿ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಕೆಲವು ಔಷಧಿ ರಕ್ತದ ಪ್ರೋಟೀನಿಗೆ ಕಚ್ಚಿಕೊಂಡು ಉಳಿಯುತ್ತೆ, ಕೆಲವು ತೊಳೆದುಹೋಗುತ್ತೆ. ಇವರಿಗೆ ಕೊಡ್ತಿರೋ ಆಂಟಿಬಯೋಟಿಕ್ ತೊಳೆದುಹೋಗೋ ಜಾತಿ. ರಕ್ತದಲ್ಲಿ ಅದು ಕಡಿಮೆ ಆದ್ರೆ ಕ್ರಿಮಿಗಳಿಗೆ ಮತ್ತೆ ಜೀವ ಬರುತ್ತೆ."

"ಹಾಗಾದ್ರೆ ಜಾಸ್ತಿನೇ ಕೊಟ್ಟುಬಿಡಿ!"

"ಅದೂ ತಪ್ಪೇ. ಜಾಸ್ತಿಯಾದ್ರೆ ವಿಷ. ಮೆಷಿನ್ ಎಷ್ಟು ಹೊತ್ತು ಓಡಿತು, ಮೂತ್ರ ಎಷ್ಟು ಬಂತು, ಎಲ್ಲ ನೋಡಿ ಡಾಕ್ಟರು ದಿನಾ ಡೋಸ್ ತೀರ್ಮಾನ ಮಾಡ್ತಾರೆ. ಕೆಲವು ಔಷಧಿಗೆ ರಕ್ತ ಪರೀಕ್ಷೆನೂ ಮಾಡಿಸ್ತಾರೆ. ಈಗ ಡಯಾಲಿಸಿಸ್ ಮುಗೀತಾ ಬಂತು, ಮುಂದಿನ ಡೋಸ್ ಹಾಕಬೇಕು. ಉಳಿದದ್ದು ತರ್ತೀರಾ?"

ಮೇಸ್ತ್ರಿ ಎದ್ದವನು ಮತ್ತೆ ಕುಳಿತ. ಅವನ ಮುಖ ಬಿಳಿಚಿತ್ತು. "ಸಿಸ್ಟರ್, ಮೂತ್ರದ ಸೋಂಕಿಗೆ ಮೊದಲು ಮಾತ್ರೆ ಕೊಟ್ಟಿದ್ರಲ್ಲ, ಅದನ್ನೂ ನಾನೇ ಮುರಿದು ಅರ್ಧರ್ಧ ಕೊಟ್ಟೆ."

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಇದನ್ನ ಡಾಕ್ಟರಿಗೆ ಹೇಳಲೇಬೇಕು. ನಾನು ಈಗಲೇ ಕರೀತೀನಿ, ನೀವು ಔಷಧಿ ತನ್ನಿ" ಎಂದರು ಸಿಸ್ಟರ್.

ಮೇಸ್ತ್ರಿ ಓಡಿದ. ಔಷಧಿ ಹೊತ್ತಿಗೆ ಸರಿಯಾಗಿ ಒಳಗೆ ಹೋಯಿತು. ಡಾಕ್ಟರ ಮುಂದೆ ಅವನು ಒಂದನ್ನೂ ಮುಚ್ಚಿಡಲಿಲ್ಲ. ಆಮೇಲೆ ಪ್ರತಿ ಡಯಾಲಿಸಿಸ್ಸಿಗೂ ಅವನದು ಒಂದೇ ಪ್ರಶ್ನೆ: "ಡಾಕ್ಟ್ರೇ, ಔಷಧಿ ಮೊದಲೋ, ಆಮೇಲೋ? ಡೋಸ್ ಬದಲಾಯ್ತಾ?"

ಜ್ವರ ನಿಧಾನವಾಗಿ ಇಳಿಯಿತು. ಕಣ್ಣು ಬಿಟ್ಟ ಹೆಂಡತಿಗೆ ತನ್ನ ತಪ್ಪನ್ನು ತಾನೇ ಹೇಳಿದ. ಅವಳು ಅವನನ್ನು ಹತ್ತಿರ ಕರೆದಳು.

"ನಿಮಗೆ ನನ್ನ ಮೇಲೆ ಪ್ರೀತಿ ಇದೆ, ಗೊತ್ತು. ಆದ್ರೆ ಇನ್ಮೇಲೆ ಕೇಳಿ ಪ್ರೀತಿ ಮಾಡಿ" ಎಂದಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮವರು ಐಸಿಯುನಲ್ಲಿದ್ದರೆ ಹೆದರಿ ಡಯಾಲಿಸಿಸ್ ಬೇಡ ಎನ್ನಬೇಡಿ. ಆಂಟಿಬಯೋಟಿಕ್ಕನ್ನು ನೀವಾಗಿಯೇ ಇಳಿಸಬೇಡಿ, ಏರಿಸಲೂಬೇಡಿ. ಮನೆಯಲ್ಲಿ ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ ಎಂಬುದನ್ನು ನಾಚಿಕೆ ಬಿಟ್ಟು ಹೇಳಿ. ಅನುಮಾನವಿದ್ದರೆ ಡಾಕ್ಟರನ್ನೇ ಕೇಳಿ. ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ. ಕೇಳದಿದ್ದರೆ ಜೀವ ಹೋಗಬಹುದು.