ಮೇಸ್ತ್ರಿಯ ಹೆಬ್ಬೆರಳು

ಮೇಸ್ತ್ರಿಯ ಹೆಬ್ಬೆರಳನ್ನು ಯಾವ ಮಷೀನೂ ಸುಲಭಕ್ಕೆ ಗುರುತು ಹಿಡಿಯುತ್ತಿರಲಿಲ್ಲ. ಮೂವತ್ತು ವರ್ಷ ಚಪ್ಪಲಿ ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಸಿ ರಬ್ಬರಿನ ಅಟ್ಟೆ ಕಿತ್ತು ಕಿತ್ತು ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿ, ಚರ್ಮ ಸವೆದ ನಾಣ್ಯದಂತೆ ನುಣ್ಣಗಾಗಿತ್ತು. ಬಾಗಿಲಲ್ಲಿದ್ದ ಹಾಜರಿ ಮಷೀನು ಅವನನ್ನು ದಿನಾ ಮೂರು ಸಲ ‘ಯಾರೋ ಗೊತ್ತಿಲ್ಲ’ ಎಂದು ನೂಕಿ ನಾಲ್ಕನೇ ಸಲಕ್ಕೆ ಒಳಗೆ ಬಿಡುತ್ತಿತ್ತು. ಮನೆಯಲ್ಲಿ ಹೆಂಡತಿಯದು ಬೇರೆಯೇ ರಾಗ: “ಆ ಬೆರಳಲ್ಲಿ ಫೋನ್ ಒತ್ತಬೇಡ್ರೀ, ಎಮ್ಮೆ ಕಾಲಿಟ್ಟ ಹಾಗಾಗುತ್ತೆ.”

ಇಂಥ ಬೆರಳಿನವನಿಗೆ ಇಡೀ ಕಾರ್ಖಾನೆಯ ಚೀನೀ ವ್ಯವಹಾರ ಗಂಟುಬಿದ್ದದ್ದು ಹಣೆಬರಹವೇ ಸರಿ. ಚೀನಾದಿಂದ ಅಟ್ಟೆ ಅಚ್ಚೊತ್ತುವ ಹೊಸ ಪ್ರೆಸ್ಸು ಬಂತು. ಅದನ್ನು ಕೂರಿಸಲು ಹಿಂದೆಯೇ ಒಬ್ಬ ಎಂಜಿನಿಯರೂ ಬಂದ. ಅವನ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಅವನು ಕಲಿತದ್ದು ಒಂದೇ ಮಾತು, ‘ಸರಿ ಸರಿ’. ಊಟ ಆಯ್ತಾ ಅಂದರೂ ಸರಿ ಸರಿ, ತಲೆ ಮೇಲೆ ಸರಪಳಿ ಬೀಳ್ತಾ ಇದೆ ಮಾರಾಯ ಅಂದರೂ ಸರಿ ಸರಿ. ಹಾಗಾಗಿ ಅವನು ಎಲ್ಲರಿಗೂ ಸರಿಯಣ್ಣ ಆದ.

ಮೇಸ್ತ್ರಿಗೂ ಸರಿಯಣ್ಣನಿಗೂ ನಡುವೆ ಭಾಷೆ ಅಂತ ಇದ್ದದ್ದು ಮೇಸ್ತ್ರಿಯ ಫೋನಿನ ಚೀನೀ ನಿಘಂಟು. ಅನುವಾದ ಮಾಡುವ ಇನ್ನೊಂದು ಆ್ಯಪನ್ನು ನಂಬಿ ಒಮ್ಮೆ ಚೆನ್ನಾಗಿದ್ದ ಪಂಪನ್ನು ಬಿಚ್ಚಿಹಾಕಿ ಅರ್ಧ ದಿನ ಹಾಳಾಗಿತ್ತು. ಅಂದಿನಿಂದ ಸರಿಯಣ್ಣ ಅದರ ಸುದ್ದಿ ಎತ್ತಿದರೆ ಮೂಗು ಮುರಿಯುತ್ತಿದ್ದ. ನಿಘಂಟು ಹಾಗಲ್ಲ. ಒಂದು ಪದ ಹುಡುಕಿದರೆ ಕೆಳಗೆ ಉದಾಹರಣೆಯ ಸಾಲುಗಳು ಬರುತ್ತವೆ, ಎಡಗಡೆ ಚೀನೀ, ಬಲಗಡೆ ಅದರ ಅರ್ಥ. ಬೇಕಾದ ಸಾಲನ್ನು ಒತ್ತಿ ಹಿಡಿದರೆ ಅದಕ್ಕೆ ನೀಲಿ ಬಣ್ಣ ಬಂದು ಎರಡು ತುದಿಗೂ ಎರಡು ನೀಲಿ ಹನಿ ಅಂಟಿಕೊಳ್ಳುತ್ತವೆ. ಕೆಳಗಿನ ಹನಿಯನ್ನು ಸಾಲಿನ ಕೊನೆಯವರೆಗೆ ಎಳೆದು ‘ನಕಲು’ ಒತ್ತಬೇಕು. ಆಮೇಲೆ ಬೇಕಾದ ಕಡೆ ಹೋಗಿ ‘ಅಂಟಿಸು’ ಒತ್ತಬೇಕು. ಹೇಳುವುದಕ್ಕೆ ಇಷ್ಟೇ. ಮೇಸ್ತ್ರಿ ಮೆಲ್ಲಗೆ ಒತ್ತಿದರೆ ನಿಘಂಟು ಬೇರೆ ಯಾವುದೋ ಪದ ತೆರೆದು ಕೂರುತ್ತಿತ್ತು, ಜೋರಾಗಿ ಒತ್ತಿದರೆ ಹನಿ ಜಾರಿ ಪುಟದ ಪಾತಾಳಕ್ಕೆ ಹೋಗುತ್ತಿತ್ತು. ಸರಿಯಣ್ಣ ಬಿದ್ದು ಬಿದ್ದು ನಕ್ಕು, ಫೋನು ಕಿತ್ತುಕೊಂಡು, ಕಿರುಬೆರಳಲ್ಲಿ ಟಕ್ಕನೆ ಮಾಡಿ ವಾಪಸ್ಸು ಕೊಡುತ್ತಿದ್ದ. ಮಾಡಿಕೊಡುವವನು ಪಕ್ಕದಲ್ಲೇ ಇದ್ದರೆ ಕಲಿಯುವ ದರ್ದು ಯಾರಿಗಿದೆ?

ಹೀಗೆ ಎರಡು ತಿಂಗಳಲ್ಲಿ ಮೇಸ್ತ್ರಿ ಕಂಡ ಕೂಡಲೇ ಗುರುತು ಹಿಡಿಯುವಂತಾದದ್ದು ಒಂದೇ ಚೀನೀ ಅಕ್ಷರ: ಪ್ರೆಸ್ಸಿನ ಕೆಂಪು ಗುಂಡಿಯ ಮೇಲಿದ್ದದ್ದು. ‘ನಿಲ್ಲು’ ಅಂತ ಅರ್ಥ. ಮೊದಲ ದಿನವೇ ಸರಿಯಣ್ಣ ಅದನ್ನು ಹತ್ತು ಸಲ ತೋರಿಸಿ ಬಾಯಿಪಾಠ ಮಾಡಿಸಿದ್ದ.

ಸರಿಯಣ್ಣನ ಮನೆಯ ಸಂಗತಿಯೂ ಮೇಸ್ತ್ರಿಗೆ ತಿಳಿದದ್ದು ಈ ನಿಘಂಟಿನಿಂದಲೇ. ಹೆಂಡತಿ ಪಟ್ಟಣದಲ್ಲಿ. ತಾಯಿ ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಲ್ಲಿ, ತಮ್ಮನ ಜೊತೆ. ತಾಯಿಯ ಫೋಟೋ ತೋರಿಸಿ ಅವನು ಎರಡು ಪದ ಹುಡುಕಿದ್ದ, ‘ಹೃದಯ’, ‘ದುರ್ಬಲ’. ಆಮೇಲೆ ಸುಳ್ಳು ಸುಳ್ಳೇ ಸೀನಿ, ತುಟಿಯ ಮೇಲೆ ಬೆರಳಿಟ್ಟಿದ್ದ. ನನಗೆ ನೆಗಡಿ ಆದರೂ ಅವಳಿಗೆ ಹೇಳುವುದಿಲ್ಲ ಅಂತ. ಒಂದು ಭಾನುವಾರ ಅವನ ಫೋನಿನ ಬ್ಯಾಟರಿ ಸತ್ತಾಗ ಮೇಸ್ತ್ರಿಯ ಫೋನಿನಿಂದಲೇ ಹೆಂಡತಿಯೊಡನೆ ಮಾತಾಡಿದ್ದ. ಅವಳ ನಂಬರು ಹಾಗೆ ಮೇಸ್ತ್ರಿಯ ಹತ್ತಿರ ಉಳಿಯಿತು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸರಿಯಣ್ಣ ಪ್ರೆಸ್ಸಿನ ಏಣಿಯ ಮೇಲಿಂದ ಎಣ್ಣೆಗೆ ಜಾರಿ ಬಿದ್ದ. ತೊಡೆಯ ಮೂಳೆ ಮುರಿಯಿತು, ಜೇಬಿನಲ್ಲಿದ್ದ ಫೋನು ಹಪ್ಪಳವಾಯಿತು. ಆಸ್ಪತ್ರೆಯಲ್ಲಿ ಅವನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಮೇಸ್ತ್ರಿಯ ಅಂಗಿ ಹಿಡಿದೆಳೆದು, ಕಿವಿಗೆ ಕೈಯಿಟ್ಟು ಫೋನಿನ ಸನ್ನೆ ಮಾಡಿದ, ಬೆರಳಿನ ಉಂಗುರ ತೋರಿಸಿದ. ಅಂದರೆ ಹೆಂಡತಿಗೆ ಹೇಳು. ಆಮೇಲೆ ಎದೆ ಮುಟ್ಟಿಕೊಂಡು ತುಟಿಯ ಮೇಲೆ ಬೆರಳಿಟ್ಟ. ಅಮ್ಮನಿಗೆ ಬೇಡ.

“ಸರಿ ಸರಿ,” ಅಂದದ್ದು ಈ ಸಲ ಮೇಸ್ತ್ರಿ.

ಮಾಲೀಕರು ಫೋನಿನಲ್ಲಿ ಕೈ ತೊಳೆದುಕೊಂಡರು. “ಅವನ ಭಾಷೆ ಗೊತ್ತಿರೋನು ನೀನೊಬ್ಬನೇ ತಾನೆ? ನೀನೇ ತಿಳಿಸಿಬಿಡು.” ಭಾಷೆ ಗೊತ್ತಂತೆ! ಮೇಸ್ತ್ರಿ ಬೆಂಚಿನ ಮೇಲೆ ಕೂತು ಫೋನನ್ನೇ ನೋಡಿದ. ಬರೀ ಬಿದ್ದ ಅಂತ ಹೇಳಿ ಆ ಹೆಣ್ಣುಮಗಳ ಜೀವ ತಿನ್ನುವುದು ಬೇಡ, ಒಳ್ಳೆ ಸುದ್ದಿ ಸಿಕ್ಕಮೇಲೆ ಎರಡನ್ನೂ ಒಟ್ಟಿಗೆ ಕಳಿಸೋಣ ಎಂದು ಕಾದ. ಮಧ್ಯಾಹ್ನ ಒಂದು ಗಂಟೆಗೆ ಡಾಕ್ಟರು ಹೊರಗೆ ಬಂದರು. “ಆಪರೇಷನ್ ಚೆನ್ನಾಗಾಗಿದೆ. ಎಚ್ಚರ ಆಗೋದು ಸಂಜೆ. ಅಲ್ಲಿವರೆಗೂ ಒಳಗೆ ಯಾರೂ ಹೋಗೋ ಹಾಗಿಲ್ಲ.”

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ‘ಬೀಳು’ ಹುಡುಕಿದ. ‘ಅವನು ಏಣಿಯಿಂದ ಬಿದ್ದ’ ಎಂಬ ಸಾಲು ಹೇಳಿ ಮಾಡಿಸಿದ ಹಾಗೆ ಅಲ್ಲೇ ಇತ್ತು. ನಾಲ್ಕನೇ ಪ್ರಯತ್ನಕ್ಕೆ ನೀಲಿ ಹನಿ ಮಾತು ಕೇಳಿತು. ನಕಲು, ಅಂಟಿಸು, ಕಳಿಸು. ಆಮೇಲೆ ‘ಶಸ್ತ್ರಚಿಕಿತ್ಸೆ’. ಮೊದಲನೇ ಉದಾಹರಣೆಯೇ ‘ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು’. ಮೇಸ್ತ್ರಿ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ, ಒತ್ತಿ ಹಿಡಿದ. ಹನಿ ಎಳೆದ. ನೀಲಿ ಹರಡಿತು. ನಕಲು, ಅಂಟಿಸು, ಕಳಿಸು. ಚೀನೀ ಅಕ್ಷರ ಎಷ್ಟಿದ್ದರೇನು, ಅವನ ಕಣ್ಣಿಗೆ ಎಲ್ಲ ಒಂದೇ. ಜವಾಬ್ದಾರಿ ಮುಗಿಸಿದ ಖುಷಿಗೆ ಒಂದು ಚಹಾ ಕುಡಿದುಬಂದ.

ಬಂದು ನೋಡಿದರೆ ಅವಳಿಂದ ಧ್ವನಿ ಸಂದೇಶಗಳು. ಒಂದಲ್ಲ, ಎರಡಲ್ಲ, ಹತ್ತು. ಕಿವಿಗಿಟ್ಟರೆ ಬರೀ ಅಳು, ಅಳುವಿನ ನಡುವೆ ಮಾತು. ಅಕ್ಷರದಲ್ಲಿ ಬರೆದಿದ್ದರೆ ಒತ್ತಿ ಹಿಡಿದು ನಿಘಂಟಿಗಾದರೂ ಹಾಕಬಹುದಿತ್ತು. ಧ್ವನಿಯನ್ನು ಒತ್ತಿ ಹಿಡಿದರೆ ಫೋನು ‘ಅಳಿಸಲೇ?’ ಎಂದು ಕೇಳುತ್ತಿತ್ತು. ಅಷ್ಟರಲ್ಲಿ ಅವಳ ಕರೆಯೇ ಬಂತು. ಮೇಸ್ತ್ರಿ ಎತ್ತಿಕೊಂಡು, ಮನೆಮಗಳಿಗೆ ಹೇಳಿದಂತೆ, “ಅಳಬೇಡಮ್ಮ, ತಾಯಿ, ಅಳಬೇಡ” ಎಂದ. ಹೇಳುತ್ತ ಹೇಳುತ್ತ ಅವನೂ ಅತ್ತುಬಿಟ್ಟ. ಆ ಕಡೆಯಿಂದ ಒಂದು ಚೀತ್ಕಾರ ಬಂದು ಕರೆ ಕಡಿಯಿತು. ಸ್ವಲ್ಪ ಹೊತ್ತಿಗೆ ಹನ್ನೊಂದನೆಯ ಸಂದೇಶ: ಚಿಕ್ಕದು, ಹಿಂದೆ ಬಸ್ಸಿನ ಸದ್ದು.

ಪಕ್ಕದ ಮೇಜಿನ ನರ್ಸು ತಲೆ ಎತ್ತಿದಳು. “ಏನ್ರೀ ಅದು, ಆ ಹೆಂಗಸು ಹಾಗೆ ಅಳ್ತಾಳೆ? ಯಾರಾದ್ರೂ ತೀರಿಕೊಂಡ್ರಾ?”

“ಛೆ ಛೆ, ಬಿಡ್ತು ಅನ್ನಿ,” ಎಂದ ಮೇಸ್ತ್ರಿ. ಅಂದವನೇ ತಾನು ಕಳಿಸಿದ್ದನ್ನು ತೆರೆದ. ಒಂದು ಸಾಲು ಇರಬೇಕಾದ ಕಡೆ ಎರಡು ಸಾಲು. ನಿಘಂಟು ತೆರೆದು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದ. ಎರಡನೇ ಉದಾಹರಣೆಯ ಬಲಗಡೆ ಹೀಗಿತ್ತು: ‘ಎಷ್ಟು ಪ್ರಯತ್ನಿಸಿದರೂ ರೋಗಿಯನ್ನು ಉಳಿಸಿಕೊಳ್ಳಲಾಗಲಿಲ್ಲ.’

“ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ!”

ಬದುಕಿರುವ ಮನುಷ್ಯನನ್ನು ಹೆಬ್ಬೆರಳಲ್ಲಿ ಕೊಂದಿದ್ದ. ‘ಬದುಕಿರು’ ಹುಡುಕಿದ. ‘ಅವನು ಬದುಕಿದ್ದಾನೆ.’ ಈ ಸಲ ಆ ಹಾಳು ಹನಿ ಹೇಳಿದಲ್ಲೇ ನಿಂತಿತು. ಮುಂಚೆ ನಿಂತಿದ್ದರೆ ಅದರ ಗಂಟೇನು ಹೋಗುತ್ತಿತ್ತು! ಕಳಿಸಿದ. ಸಂದೇಶದ ಪಕ್ಕದಲ್ಲಿ ಒಂದೇ ಗೀಟು ಬಿತ್ತು. ತಲುಪಿದರೆ ಎರಡು ಗೀಟು ಬೀಳಬೇಕು. ಮತ್ತೆ ಕಳಿಸಿದ. ಆರು ಸಲ ಕಳಿಸಿದ. ಆರಕ್ಕೂ ಒಂದೊಂದೇ ಗೀಟು. ಕರೆ ಮಾಡಿದರೆ ಗಂಟೆಯೇ ಬಡಿಯಲಿಲ್ಲ. ಅತ್ತು ಅತ್ತು ಅವಳ ಫೋನಿನ ಬ್ಯಾಟರಿ ಮುಗಿದಿರಬೇಕು.

ನಾಲ್ಕೂವರೆಗೆ ಸರಿಯಣ್ಣನಿಗೆ ಎಚ್ಚರವಾಯಿತು. ನರ್ಸು ಐದು ನಿಮಿಷ ಅಂದಳು. ಸರಿಯಣ್ಣ ಒಣಗಿದ ತುಟಿಯಲ್ಲೇ ನಕ್ಕು, ಉಂಗುರದ ಬೆರಳು ಎತ್ತಿದ. ಹೇಳಿದೆಯಾ? ಅವನ ಬಲಗೈಗೆ ಡ್ರಿಪ್ಪಿನ ಸೂಜಿ ಚುಚ್ಚಿದ್ದರು. ಮೇಸ್ತ್ರಿ ಅವನ ಎಡಗೈಯಲ್ಲಿ ಫೋನು ಇಟ್ಟ. ಸರಿಯಣ್ಣ ಹೆಂಡತಿಯ ಹನ್ನೊಂದು ಸಂದೇಶಗಳನ್ನು ಒಂದಾದಮೇಲೊಂದು ಕೇಳಿದ. ಬದುಕಿರುವಾಗಲೇ ತನ್ನ ಸಾವಿನ ಅಳು ಕೇಳುವ ಶಿಕ್ಷೆ ಹಗೆಗೂ ಬೇಡ. ಮೊದಮೊದಲು ಅವನಿಗೆ ಅರ್ಥವೇ ಆಗಲಿಲ್ಲ. ಮೂರನೆಯದಕ್ಕೆ ಕಣ್ಣು ತುಂಬಿತು. ಬಸ್ಸಿನ ಸದ್ದಿನ ಹನ್ನೊಂದನೆಯದನ್ನು ಕೇಳಿ ಧಡಕ್ಕನೆ ಏಳಲು ಹೋಗಿ ನೋವಿಗೆ ಕೂಗಿಕೊಂಡ. ನಿಘಂಟಿನಲ್ಲಿ ಎಡಗೈಯಿಂದ ಪರದಾಡಿ ಪದಗಳನ್ನು ಹುಡುಕಿ ತೋರಿಸಿದ. ‘ಅಮ್ಮ.’ ‘ಊರು.’ ‘ಹೋಗು.’ ‘ಹೇಳು.’

ಸೊಸೆ ಅತ್ತೆಗೆ ಸುದ್ದಿ ಹೇಳಲು ಬಸ್ಸು ಹತ್ತಿದ್ದಳು. ಇಂಥ ಸುದ್ದಿ ಫೋನಿನಲ್ಲಿ ಹೇಳಬಾರದು, ಹತ್ತಿರ ಕೂತು ಹೇಳಬೇಕು ಅಂತ. ಒಳ್ಳೆಯ ಸೊಸೆ. ಮೇಸ್ತ್ರಿ ಗಡಿಯಾರ ನೋಡಿದ. ಆ ಸಂದೇಶ ಬಂದು ಎರಡು ಗಂಟೆ ಮೀರಿತ್ತು. ತಮ್ಮನ ನಂಬರು ಒಡೆದ ಫೋನಿನಲ್ಲಿ ಹೋಗಿತ್ತು, ಸರಿಯಣ್ಣನ ನೆನಪಿನಲ್ಲಿ ಇರಲಿಲ್ಲ. ಸರಿಯಣ್ಣ ತನ್ನ ದನಿಯಲ್ಲೇ ಒಂದು ಸಂದೇಶ ಕಳಿಸಿದ. ಒಂದು ಗೀಟು. ಇಬ್ಬರೂ ಆ ಗೀಟನ್ನೇ ನೋಡುತ್ತಿದ್ದರು. ನರ್ಸು ಬಂದವಳು ಇಬ್ಬರ ಮುಖ ನೋಡಿ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಐದೂ ಕಾಲಿಗೆ ಗೀಟು ಎರಡಾಯಿತು. ಅದರ ಬೆನ್ನಿಗೇ ಕರೆ. ಸರಿಯಣ್ಣ “ಹಲೋ” ಎಂದದ್ದೇ ತಡ ಆ ಕಡೆ ಹೆಂಡತಿ ಕಿರುಚಿದಳು, ನಕ್ಕಳು, ಅತ್ತಳು. ಅವನೂ ಅಳುತ್ತ ನಕ್ಕ. ಮೇಸ್ತ್ರಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಅಬ್ಬಾ, ಉಳಿದೆ ಅಂದುಕೊಂಡ. ಆಗ ಸರಿಯಣ್ಣ ಒಂದು ಚಿಕ್ಕ ಪ್ರಶ್ನೆ ಕೇಳಿದ. “ಮಾ?”

ಆ ಕಡೆಯ ನಗು ನಿಂತಿತು. ಅವಳು ಮೆಲ್ಲಗೆ ಏನೋ ಹೇಳಿದಳು. ಸರಿಯಣ್ಣ ಕೇಳಿದ, ಕರೆ ಮುಗಿಸಿದ.

“ಏನಾಯ್ತಣ್ಣ?” ಎಂದ ಮೇಸ್ತ್ರಿ. ಸರಿಯಣ್ಣ ನಿಘಂಟಿನಲ್ಲಿ ‘ಹೃದಯ’ ತೋರಿಸಿದ. ಆಮೇಲೆ ಇನ್ನೊಂದು ಅಕ್ಷರ ಬರೆದ. ಮೇಸ್ತ್ರಿ ಅರ್ಥ ನೋಡಲು ಬಗ್ಗಲಿಲ್ಲ. ಅದು ಕೆಂಪು ಗುಂಡಿಯ ಮೇಲಿನ ಅಕ್ಷರ.

ಮೇಸ್ತ್ರಿ “ನನ್ನ ಕೈ ಸೇದಿಹೋಗಬಾರದಾಗಿತ್ತಾ,” ಎಂದು ಹಣೆ ಹಣೆ ಬಡಿದುಕೊಂಡ. ಸರಿಯಣ್ಣನಿಗೆ ಅದೊಂದೂ ತಿಳಿಯಲಿಲ್ಲ. ಅವನು ಫೋನಿನಲ್ಲಿ ಹೆಂಡತಿಯ ಸಂದೇಶಗಳನ್ನು ದಾಟಿ ಮೇಲೆ ಮೇಲೆ ಹೋಗಿ, ಆ ಎರಡು ಸಾಲುಗಳ ಹತ್ತಿರ ನಿಂತ. ಓದಿದ. ನಿಘಂಟಿನಲ್ಲಿ ಆ ಪುಟ ತೆರೆದ. ಮೇಸ್ತ್ರಿಯ ಹೆಬ್ಬೆರಳು ನೋಡಿದ.

ಆಮೇಲೆ ಎಡಗೈಯ ಕಿರುಬೆರಳಿಂದ ಮೊದಲನೇ ಸಾಲನ್ನು ಒತ್ತಿ ಹಿಡಿದು, ನೀಲಿ ಹನಿಯನ್ನು ಎರಡನೇ ಸಾಲಿನ ಕೊನೆಗೆ ಎಳೆದು, ಹೀಗಾ ಎಂಬಂತೆ ಮೇಸ್ತ್ರಿಯ ಕಡೆ ತಿರುಗಿಸಿದ. ಮೇಸ್ತ್ರಿ ತಲೆಯಾಡಿಸಿದ. ಸರಿಯಣ್ಣ ಹನಿಯನ್ನು ಮೆಲ್ಲಗೆ ಮೇಲಕ್ಕೆ ತಂದು ಮೊದಲನೇ ಸಾಲಿನ ಕೊನೆಗೆ ನಿಲ್ಲಿಸಿದ. ಇಷ್ಟೇ. ಇಷ್ಟೇ ಮಾಡಬೇಕಿತ್ತು. ಕಣ್ಣೀರು ಗಲ್ಲದಿಂದ ದಿಂಬಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವನಿಗೆ ಬೇರೆ ಕೈ ಇರಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸಿದ. ಮತ್ತೊಮ್ಮೆ ತೋರಿಸಿದ. ಕೊನೆಗೆ ಫೋನನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಈಗ ನೀನು ಮಾಡು ಎಂಬಂತೆ ಗದ್ದ ಎತ್ತಿದ.

ಮೇಸ್ತ್ರಿ ಹೆಬ್ಬೆರಳು ಒರೆಸಿಕೊಂಡು ಒತ್ತಿ ಹಿಡಿದ. ನೀಲಿ ಬಂತು. ಉಸಿರು ಬಿಗಿಹಿಡಿದು ಹನಿಯನ್ನು ಎಳೆದ, ಅದು ಮತ್ತೆ ಎರಡನೇ ಸಾಲಿಗೆ ಜಾರಿತು.