ನೆಸ್ಟಾ ಟೆಲಿವಿಷನ್ನಿನಲ್ಲಿ ಕಾರ್ನೆಟ್ ಊದಿದ ದಿನ

ಎಮ್ಲಿನ್ ಪ್ರೋಬರ್ಟ್ ನನ್ನ ಪಕ್ಕದ ಮಂಚದವನು. ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದವನು. ಅದಕ್ಕಿಂತ ಹೆಚ್ಚಾಗಿ ಗಣಿಯ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದವನು. ಕ್ಷಯ ಎದೆಗೆ ಹತ್ತಿದ ಮೇಲೆ ಆ ಪುಟ್ಟ ಹಿತ್ತಾಳೆಯ ವಾದ್ಯವನ್ನು ಮಗಳು ನೆಸ್ಟಾಳ ಕೈಗೆ ಕೊಟ್ಟು, ನಮ್ಮ ಬೆಟ್ಟದ ಮೇಲಿನ ಆಸ್ಪತ್ರೆಗೆ ಬಂದು ಮಲಗಿದ. ಅದಾಗಿ ವರ್ಷದ ಮೇಲಾಗಿತ್ತು. ಮಕ್ಕಳನ್ನು ವಾರ್ಡಿನೊಳಗೆ ಬಿಡುವುದಿಲ್ಲವಾದ್ದರಿಂದ ಆ ಹುಡುಗಿ ಶನಿವಾರ ತಾಯಿಯ ಜೊತೆ ಬಂದರೂ ಕೆಳಗೆ ಹುಲ್ಲಿನ ಮೇಲೆ ನಿಂತು ಕೈಬೀಸಿ ಹೋಗುತ್ತಿದ್ದಳು. ಅಪ್ಪನಿಗೆ ಕಾಣುತ್ತಿದ್ದದ್ದು ಒಂದು ನೀಲಿ ಕೋಟು, ಒಂದು ಟೋಪಿ, ಅಷ್ಟೆ.

ಈಗ ನೆಸ್ಟಾಳೂ ಸೇರಿಕೊಂಡಿದ್ದ ಆ ಬ್ಯಾಂಡನ್ನು ಕಾರ್ಡಿಫ್ ನಗರದ ಸ್ಟುಡಿಯೋಗೆ ಕರೆಸಿದ್ದರು. ಬುಧವಾರ ರಾತ್ರಿ ಎಂಟಕ್ಕೆ ಟೆಲಿವಿಷನ್ನಿನಲ್ಲಿ ನೇರ ಕಾರ್ಯಕ್ರಮ. ನಡುವೆ ಒಂದು ಹಾಡನ್ನು ಹದಿನಾಲ್ಕು ವರ್ಷದ ನೆಸ್ಟಾ ಒಬ್ಬಳೇ ಊದಬೇಕು.

ನಮ್ಮ ಊಟದ ಹಾಲಿಗೆ ಟೆಲಿವಿಷನ್ ಬಂದು ತಿಂಗಳೂ ಆಗಿರಲಿಲ್ಲ. ಸಂಜೆ ಅದನ್ನು ನೋಡಲು ವಾರ್ಡಿನ ಮುಖ್ಯ ನರ್ಸ್ ಸಿಸ್ಟರ್ ಬೈನನ್ ಒಪ್ಪಿದ್ದೇ ದೊಡ್ಡದು, ಅದೂ ಒಂದು ಷರತ್ತಿನ ಮೇಲೆ. ಉದ್ವೇಗ ನಿಮ್ಮ ಎದೆಗೆ ವಿಷ. ಸಂಜೆ ಆರಕ್ಕೆ ಜ್ವರ ನೋಡುತ್ತೇನೆ, ಯಾರಿಗೆ ಏರಿರುತ್ತದೋ ಅವರು ಮಂಚ ಬಿಟ್ಟು ಕದಲುವಂತಿಲ್ಲ ಎಂದರು. ಅಂಥ ದಿನ ಉದ್ವೇಗವಿಲ್ಲದೆ ಇರುವುದು ಹೇಗೆಂದು ಮಾತ್ರ ಅವರು ಹೇಳಿಕೊಡಲಿಲ್ಲ.

ಬುಧವಾರ ಮಧ್ಯಾಹ್ನದ ಕಡ್ಡಾಯ ನಿದ್ದೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಮೂರಕ್ಕೆ ಹಾಲಿಗೆ ಹೋಗಿ ಕೂತೆವು. ಹೆಂಗಸರ ಕಾರ್ಯಕ್ರಮದಲ್ಲಿ ಒಬ್ಬಾಕೆ ಹಳೆಯ ಪರದೆಯಿಂದ ಲಂಗ ಹೊಲಿಯುವುದನ್ನು ತೋರಿಸಿದಳು. ಇಪ್ಪತ್ತು ಮಂದಿ ಗಣಿಗಾರರು ಪರೀಕ್ಷೆಗೆ ಓದುವವರಂತೆ ನೋಡಿದೆವು. ಎದುರು ಮಂಚದ ಹೇಡನ್ ಪಾಸ್ಮೋರ್‌ಗೆ ಬಾಯಿ ಸುಮ್ಮನಿರದು. ಸೊಂಟದ ಹತ್ತಿರ ಹೊಲಿಗೆ ಡೊಂಕಾಗಿದೆ ಎಂದು ತಪ್ಪು ಹುಡುಕಿದ. ಐದಕ್ಕೆ ಮಕ್ಕಳಿಗೆಂದು ಗೊಂಬೆಯಾಟ. ಮರದ ಕತ್ತೆಯೊಂದು ಕೆರೆಗೆ ಬಿದ್ದಾಗ ನಾವು ನಕ್ಕಿದ್ದಕ್ಕೆ ನರ್ಸ್ ಓಡಿಬಂದು ಬೈದಳು. ಎಮ್ಲಿನ್ ಮಾತ್ರ ನಗಲಿಲ್ಲ. ಅವನ ಬಲಗೈಯ ಮೂರು ಬೆರಳು ತೊಡೆಯ ಮೇಲೆ ಇಲ್ಲದ ಕಾರ್ನೆಟ್ಟಿನ ಗುಂಡಿ ಒತ್ತುತ್ತಲೇ ಇದ್ದವು.

ಆರಕ್ಕೆ ಮಕ್ಕಳ ಕಾರ್ಯಕ್ರಮ ಮುಗಿದು ತೆರೆ ಖಾಲಿಯಾಯಿತು. ಮಕ್ಕಳು ಮಲಗಲಿ ಎಂದು ದೇಶಕ್ಕೆಲ್ಲ ಒಂದು ಗಂಟೆ ಟೆಲಿವಿಷನ್ ನಿಲ್ಲಿಸುವ ಹೊತ್ತು ಅದು. ನಾವು ವಾರ್ಡಿಗೆ ಮರಳಿ ಮಂಚ ಹತ್ತಿದೆವು. ಸಿಸ್ಟರ್ ಥರ್ಮಾಮೀಟರು ಹಿಡಿದು ಬಂದರು. ನಾನು ಪಾರಾದೆ, ಹೇಡನ್ನೂ ಪಾರಾದ. ಎಮ್ಲಿನ್‌ನ ಬಾಯಿಂದ ತೆಗೆದದ್ದನ್ನು ಅವರು ದೀಪದ ಕೆಳಗೆ ಎರಡು ಸಲ ನೋಡಿದರು.

"ಏರಿದೆ ಪ್ರೋಬರ್ಟ್," ಎಂದರು.

ಅವನು ಗೋಡೆಯ ಕಡೆ ಹೊರಳಿಕೊಂಡ. ಹೇಡನ್‌ಗೆ ತಡೆಯಲಾಗಲಿಲ್ಲ.

"ಸಿಸ್ಟರ್, ಅದು ಕಾಯಿಲೆ ಜ್ವರ ಅಲ್ಲ. ಮಗಳ ಜ್ವರ. ನಿಮಗೂ ಗೊತ್ತು."

"ಥರ್ಮಾಮೀಟರಿಗೆ ಅದು ಗೊತ್ತಾಗಲ್ಲವಲ್ಲಪ್ಪ," ಎಂದರು ಸಿಸ್ಟರ್. ಬಾಗಿಲವರೆಗೆ ಹೋಗಿ ನಿಂತರು. ಎಂಟಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಸಲ ನೋಡುತ್ತೇನೆ, ಅಲ್ಲಿಯವರೆಗೆ ಇವನು ಮೈಚಾಚಿ ಮಲಗಿರಲಿ, ವಾರ್ಡಿನಲ್ಲಿ ಒಂದು ಸದ್ದೂ ಕೇಳಿಸಕೂಡದು ಎಂದು ಹೇಳಿ ಹೋದರು.

ಕ್ಷಯದ ವಾರ್ಡು ಅಷ್ಟು ಹೊತ್ತು ಸದ್ದಿಲ್ಲದೆ ಇರುವುದೆಂದರೆ ಸುಮ್ಮನೆಯೇ? ಕೆಮ್ಮು ಬಂದವರು ದಿಂಬಿಗೆ ಬಾಯಿ ಒತ್ತಿಕೊಂಡರು. ಹೇಡನ್ ತುದಿಗಾಲಲ್ಲಿ ಬಂದು ಒದ್ದೆ ಬಟ್ಟೆಯನ್ನು ಎಮ್ಲಿನ್‌ನ ಹಣೆಗೆ ಹಾಕಿ, ಒಂದೂ ಮಾತಾಡದೆ ವಾಪಸು ಹೋದ. ಅವನು ಮಾತಾಡದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎಮ್ಲಿನ್ ಕಣ್ಣು ಮುಚ್ಚಿದ್ದ. ಬೆರಳುಗಳು ನಿಧಾನವಾಗಿ ನಿಂತವು.

ಸಿಸ್ಟರ್ ಬಂದು ನೋಡಿದರು. ಬಗ್ಗಿ ಅವನ ಮಂಚದ ಗಾಲಿಯ ತಡೆ ತೆಗೆದರು.

ಮಂಚ ಸಮೇತ ಅವನನ್ನು ಹಾಲಿಗೆ ತಳ್ಳಿದೆವು. ಎದೆಗೆ ಪದಕ ಸಿಕ್ಕಿಸಿಕೊಂಡ ಬ್ಯಾಂಡಿನವರು ತೆರೆಯ ಮೇಲೆ ಮೂಡಿದಾಗ ಎಲ್ಲರೂ ಒಬ್ಬೊಬ್ಬರನ್ನೇ ಗುರುತು ಹಿಡಿಯತೊಡಗಿದೆವು. ದಪ್ಪ ಮೀಸೆಯ ಬ್ಯಾಂಡ್ ಮಾಸ್ಟರು ತಿರುಗಿ ಕೈ ಮಾಡಿದ. ಹಿಂದಿನಿಂದ ಒಂದು ಸಣ್ಣ ಆಕೃತಿ ಎದ್ದು ಮುಂದೆ ಬಂತು. ಅಷ್ಟರಲ್ಲಿ ಚಿತ್ರ ಅಲುಗಾಡಿ, ಉದ್ದುದ್ದ ಪಟ್ಟಿಯಾಗಿ ಹರಿದು, ತೆರೆಯ ತುಂಬ ಬಿಳಿ ಚುಕ್ಕೆಗಳ ಹಿಮ ಸುರಿಯಿತು. ನಮ್ಮ ಬೆಟ್ಟದ ಗಾಳಿಗೆ ಕಿಟಕಿಯ ಹೊರಗೆ ನೆಟ್ಟಿದ್ದ ಏರಿಯಲ್ಲು ತಿರುಗಿಕೊಂಡಿತ್ತು.

ಹೇಡನ್ ಕಿಟಕಿಗೆ ಹಾರಿ, ಹೊರಗೆ ಕೈಚಾಚಿ ಏರಿಯಲ್ಲಿನ ಕಂಬ ಹಿಡಿದುಕೊಂಡ. ಕಂಬ ತಿರುಗಿಸುವಷ್ಟರಲ್ಲಿ ಕಾರ್ನೆಟ್ ಶುರುವಾಯಿತು. ಚಿತ್ರವಿಲ್ಲ, ಬರೀ ಸ್ವರ. ಮೊದಲನೆಯದು ಚೂರು ನಡುಗಿತು. ಎರಡನೆಯದು ಗಟ್ಟಿಯಾಗಿ ನಿಂತಿತು. ಆಮೇಲೆ ಅದು ಏರುತ್ತ ಹೋದಂತೆ ಹಾಲಿನಲ್ಲಿ ಯಾರಿಗೂ ತೆರೆಯ ನೆನಪೇ ಇರಲಿಲ್ಲ. ಎಮ್ಲಿನ್ ಅವಳು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ತಾನೂ ಉಸಿರು ತೆಗೆದುಕೊಳ್ಳುತ್ತಿದ್ದ. ಅವನ ಎದೆ ಅಷ್ಟು ಮೇಲೇಳುವುದನ್ನು ನಾನು ನೋಡಿರಲಿಲ್ಲ.

"ಈಗ ಬಂತಾ? ಬಂತೇನ್ರೋ?" ಎಂದು ಕಿಟಕಿಯಿಂದ ಹೇಡನ್ ಕೇಳುತ್ತಿದ್ದ.

ಬಂತು. ಕೊನೆಯ ಸ್ವರಕ್ಕೆ ಸರಿಯಾಗಿ ಹಿಮ ಸರಿದು, ತೆರೆಯ ತುಂಬ ನೆಸ್ಟಾಳ ಮುಖ. ಉಬ್ಬಿದ ಕೆನ್ನೆ, ಬೆವರಿದ ಮೂಗು, ಒಂದು ಕಡೆ ಬಿಚ್ಚಿಕೊಂಡ ಜಡೆ. ಅವಳು ಕಾರ್ನೆಟ್ ಇಳಿಸಿ, ಲೋಕವೆಲ್ಲ ನೋಡುತ್ತಿದೆ ಎಂಬುದನ್ನು ಮರೆತು ತೋಳಿನಲ್ಲಿ ಬಾಯಿ ಒರೆಸಿಕೊಂಡಳು.

"ಎಷ್ಟು ಬೆಳೆದಿದ್ದಾಳೆ," ಎಂದ ಎಮ್ಲಿನ್, ಯಾರಿಗೂ ಅಲ್ಲ. ನಾವು ಚಪ್ಪಾಳೆ ತಟ್ಟಿದೆವು. ಸಿಸ್ಟರ್ ತಡೆಯಲಿಲ್ಲ, ಅವರ ಕೈಯೂ ತಟ್ಟುತ್ತಿತ್ತು.

ಶನಿವಾರ ನೆಸ್ಟಾ ಹುಲ್ಲಿನ ಮೇಲೆ ನಿಂತಾಗ ಇಡೀ ವಾರ್ಡು ಜಗುಲಿಯ ಕಟಕಟೆಗೆ ಆತುಕೊಂಡಿತ್ತು. ಎಮ್ಲಿನ್ ಕೂಗುವಂತಿರಲಿಲ್ಲವಾದ್ದರಿಂದ ಹೇಡನ್‌ನ ಕಿವಿಯಲ್ಲಿ ಹೇಳಿದ, ಹೇಡನ್ ಕೆಳಕ್ಕೆ ಕೂಗಿದ.

"ಕೊನೇ ಸ್ವರ ತುಂಬಾ ಎಳೆದ್ಬಿಟ್ಟೆ ಅಂತಿದಾರಮ್ಮ ನಿಮ್ಮಪ್ಪ!"

"ಬ್ಯಾಂಡ್ ಮಾಸ್ಟರ್ ಕೈ ಇಳಿಸ್ಲೇ ಇಲ್ಲ ಅಪ್ಪಾ! ನಾನೇನ್ ಮಾಡ್ಲಿ? ಪ್ರಾಣ ಹೋಗೋದಿತ್ತು!"

ಎಮ್ಲಿನ್ ನಗತೊಡಗಿದ. ನಗು ಕೆಮ್ಮಾಯಿತು, ಕೆಮ್ಮು ನಿಂತಿತು, ಮತ್ತೆ ನಕ್ಕ. ಆಮೇಲೆ ಹೇಡನ್‌ನನ್ನು ಹತ್ತಿರ ಕರೆದು ಕಿವಿಯಲ್ಲಿ ಇನ್ನೇನೋ ಹೇಳಿದ. ಹೇಡನ್ ಅದನ್ನು ಕೂಗಲು ಬಾಯಿ ತೆರೆದವನು ಅದು ಕೂಗುವ ಮಾತಲ್ಲವೆಂದು ತಡೆದು, ಮೆಟ್ಟಿಲಿಳಿದು, ಹುಲ್ಲು ದಾಟಿ, ಒಂದಿಷ್ಟು ದೂರದಲ್ಲೇ ನಿಂತು ಆ ಹುಡುಗಿಗೆ ಮೆಲ್ಲಗೆ ಹೇಳಿ ಬಂದ.