ಒಂಬತ್ತನೆಯ ಗುಳಿ

ವೊರ್ಕುಮ್ ಊರಿನ ಕಾಲುವೆಯ ಸೇತುವೆಯನ್ನು ದೋಣಿಗಳಿಗಾಗಿ ಮೂವತ್ತು ವರ್ಷ ಎತ್ತಿ ಇಳಿಸಿ ನಿವೃತ್ತನಾದ ವೊಬ್ಬೆಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ, ಮೂರನೆಯ ವಿಲ್ಲೆಮ್ ರಾಜನ ತಲೆಯಿರುವ ಹತ್ತು ಗಿಲ್ಡರಿನ ಚಿನ್ನದ ನಾಣ್ಯ. ಅವು ಸಿಗುವುದು ಹತ್ತೇ ಇಸವಿಗಳಲ್ಲಿ. ವೊಬ್ಬೆ ಓಕ್ ಮರದ ತಟ್ಟೆಯಲ್ಲಿ ಹತ್ತು ಗುಳಿ ಕೊರೆಸಿ, ಹಸಿರು ಮಖಮಲ್ಲು ಹಾಸಿ, ಒಂಬತ್ತನ್ನು ತುಂಬಿಸಿದ್ದ. 1888ರದ್ದು ಮಾತ್ರ ಹನ್ನೊಂದು ವರ್ಷದಿಂದ ಖಾಲಿ.

"ನಿನ್ನ ತಟ್ಟೆಗೆ ಒಂದು ಹಲ್ಲು ಕಟ್ಟಿಸ್ಬೇಕಲ್ಲೋ" ಎಂದು ಕಾಲೆಳೆಯುತ್ತಿದ್ದವನು ಗೆಳೆಯ ರೂಲೊಫ್. ಅವನು ಹಲ್ಲಿನ ಡಾಕ್ಟರು, ನಾಣ್ಯ ಸಂಘದ ಸದಸ್ಯ. ಆ ವಸಂತದಲ್ಲಿ ಸಂಘಕ್ಕೆ ಐವತ್ತು ತುಂಬುತ್ತಿತ್ತು, ಪ್ರದರ್ಶನವಿತ್ತು, ಅತ್ಯುತ್ತಮ ನಾಣ್ಯಸಾಲಿಗೆ ಬೆಳ್ಳಿ ಪದಕವಿತ್ತು. ಸಾಲು ಪೂರ್ತಿ ತುಂಬಿರಲೇಬೇಕು ಎಂಬುದು ನಿಯಮ. ವೊಬ್ಬೆಗೆ ಆ ಪದಕ ಬೇಕಿತ್ತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅದಕ್ಕಾಗಿ ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅವನ ಅತ್ತೆ ಹಿಲ್ತ್ಯೆಯವರ ಹತ್ತಿರ ಅಂಥದ್ದೊಂದು ನಾಣ್ಯ ಇದೆಯೆಂದು ಮನೆಯಲ್ಲೆಲ್ಲ ಗೊತ್ತಿತ್ತು. ಮದುವೆಯ ದಿನ ಗಂಡ ಕೊಟ್ಟಿದ್ದಂತೆ. ಇಸವಿ ಯಾವುದೆಂದು ಕೇಳಿದರೆ, "ನಿಂಗೆ ಅರವತ್ತೈದು ತುಂಬ್ಲಿ, ಆಗ ನೀನೇ ನೋಡ್ಕೋ" ಎನ್ನುತ್ತಿದ್ದರು. ಎಂಬತ್ತೇಳರ ಮುದುಕಿ, ಮಾತು ಕೊಟ್ಟರೆ ಕೊಟ್ಟಹಾಗೆ, ಒಂದು ದಿನ ಮುಂಚೆಯೂ ಇಲ್ಲ.

ಅರವತ್ತೈದು ತುಂಬಿತು. ನೆಂಟರೆಲ್ಲ ಆ ಕಡೆಯ ಪದ್ಧತಿಯಂತೆ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು, ಒಬ್ಬರಿಗೊಬ್ಬರು ಶುಭಾಶಯ ಹೇಳಿ, ಮಡಿಲಲ್ಲಿ ಗುಲಾಬಿ ಬಣ್ಣದ ಕೇಕಿನ ತಟ್ಟೆ ಇಟ್ಟುಕೊಂಡು ಕೂತಿದ್ದರು. ಅತ್ತೆ ಎದ್ದು ನಿಂತು ಕರವಸ್ತ್ರದ ಗಂಟು ಬಿಚ್ಚಿದರು. ಒಳಗಿದ್ದದ್ದು ಕನ್ನಡಿಯಂತೆ ಥಳಥಳಿಸಿತು. ಪಕ್ಕದಲ್ಲಿದ್ದ ರೂಲೊಫ್‌ಗೆ ಕೇಕು ಗಂಟಲಲ್ಲಿ ಸಿಕ್ಕಿಕೊಂಡಿತು.

ಇಸವಿ 1888. ವೊಬ್ಬೆಯ ಎದೆ ಧಸಕ್ಕೆಂದಿತು, ಇಸವಿಗಲ್ಲ, ರಾಜನಿಗೆ. ಗಡ್ಡವೆಂದರೆ ಗಡ್ಡವಿಲ್ಲ, ಕಿವಿಯೆಂದರೆ ಕಿವಿಯಿಲ್ಲ. ವಿಲ್ಲೆಮ್ ಮಹಾರಾಜರು ಆಗತಾನೇ ಕ್ಷೌರ ಮಾಡಿಸಿಕೊಂಡು ಬಂದಂತಿದ್ದರು.

"ಪ್ರತಿ ಶುಕ್ರವಾರ ಕಣೋ" ಎಂದರು ಅತ್ತೆ, ಬೆನ್ನು ನೆಟ್ಟಗೆ ಮಾಡಿ. "ಬಾಗಿಲ ಹಿಡಿ, ದೀಪದ ಕಂಬ, ಆಮೇಲೆ ಇದು. ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದ್ದೀನಿ. ಅರವತ್ತಾರು ವರ್ಷದಲ್ಲಿ ಒಂದು ಶುಕ್ರವಾರಾನೂ ತಪ್ಪಿಸಿಲ್ಲ."

ವೊಬ್ಬೆ ಅವರ ಕೆನ್ನೆಗೆ ಮೂರು ಮುತ್ತು ಕೊಟ್ಟು, "ತುಂಬಾ ಚೆನ್ನಾಗಿದೆ ಅತ್ತೆ" ಎಂದ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ.

ಹೊರಡುವಾಗ ರೂಲೊಫ್ ಬಾಗಿಲಲ್ಲಿ ತೋಳು ಹಿಡಿದ. "ಅದು ಇನ್ನು ತೂಕದ ಚಿನ್ನ ಅಷ್ಟೇ ಮಾರಾಯ, ಕರಗಿಸೋದಕ್ಕೇ ಲಾಯಕ್ಕು. ನನ್ನ ಹತ್ತಿರ ಅದೇ ಇಸವೀದು ಒಂದು ಹೆಚ್ಚಿಗೆ ಇದೆ, ಗಡ್ಡದ ಕೂದಲು ಎಣಿಸ್ಬಹುದು. ನಿನ್ನ ಆ ಹಳೇ ಡ್ಯುಕಟ್ ನಾಣ್ಯ ಕೊಡು, ನಂದನ್ನ ತಂದ್ಕೊಡ್ತೀನಿ."

"ಅತ್ತೆ ಪ್ರದರ್ಶನಕ್ಕೆ ಬರ್ತಾರಲ್ಲೋ! ತಮ್ಮ ನಾಣ್ಯ ನೋಡೋಕ್ಕೇ ಬರ್ತಿರೋದು."

"ತೀರ್ಪುಗಾರರು ಬರೋದು ಹತ್ತಕ್ಕೆ. ನಿಮ್ಮತ್ತೆ ಬಸ್ಸು ಹನ್ನೊಂದಕ್ಕೆ. ನಡುವೆ ಬದಲಾಯಿಸಿಬಿಡು. ಡ್ಯುಕಟ್ಟು ಆಮೇಲೆ ಕೊಡುವಿಯಂತೆ."

ಉಪಾಯ ಚೆನ್ನಾಗಿತ್ತು. ಕೆಟ್ಟ ಉಪಾಯಗಳೆಲ್ಲ ಮೊದಲು ಚೆನ್ನಾಗಿಯೇ ಇರುತ್ತವೆ.

ಶನಿವಾರ ಚರ್ಚಿನ ಹಜಾರದಲ್ಲಿ ವೊಬ್ಬೆಯ ತಟ್ಟೆ ಮೊದಲ ಮೇಜಿನ ಮೇಲಿತ್ತು. ಹತ್ತು ಗುಳಿ, ಹತ್ತು ನಾಣ್ಯ, ಹತ್ತು ಗಡ್ಡ. ಅತ್ತೆಯದು ಜೇಬಿನಲ್ಲಿತ್ತು. ಸರಿಯಾಗಿ ಹತ್ತಕ್ಕೆ, ಪಕ್ಕದ ಮನೆಯವರ ಕಾರಿನಲ್ಲಿ ಬಂದಿಳಿದ ಅತ್ತೆ, ಭಾನುವಾರದ ಕೋಟು ತೊಟ್ಟು ಮೇಜಿನೆದುರು ಪ್ರತ್ಯಕ್ಷರಾದರು. ಅವರ ಹಿಂದೆಯೇ ಉಟ್ರೆಕ್ಟಿನ ತೀರ್ಪುಗಾರ್ತಿ ಭೂತಗನ್ನಡಿ ಹಿಡಿದು ಬರುತ್ತಿದ್ದಳು.

ಅತ್ತೆ ಗಾಜಿನ ಮುಚ್ಚಳಕ್ಕೆ ಮೂಗು ತಾಗಿಸಿ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

"ನಂದೆಲ್ಲಿ ವೊಬ್ಬೆ?"

ಅಷ್ಟು ಸಣ್ಣ ದನಿಯಲ್ಲಿ ಆ ಹೆಂಗಸು ಮಾತಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ. ಬಿಸಿ ತುಪ್ಪ, ನುಂಗುವಹಾಗಿಲ್ಲ, ಉಗುಳುವಹಾಗಿಲ್ಲ. ಆಮೇಲೆ ಹಾಕ್ತೀನಿ ಎಂದುಬಿಟ್ಟರೆ ಸಾಕಿತ್ತು. ಇನ್ನೊಂದೇ ನಿಮಿಷ, ಪದಕ ಅವನದ್ದು. ರೂಲೊಫ್ ದೂರದಿಂದ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

ವೊಬ್ಬೆ ಮುಚ್ಚಳ ಎತ್ತಿದ. ಒಂಬತ್ತನೆಯ ಗುಳಿಯಿಂದ ಗಡ್ಡದ ರಾಜನನ್ನು ತೆಗೆದ, ಬೋಳು ರಾಜನನ್ನು ಕೂರಿಸಿದ. ಮುಚ್ಚಳ ಹಾಕುವಾಗಲೂ ಅವನಿಗೆ ಆ ಪದಕ ಬೇಕೇ ಇತ್ತು. ಅದನ್ನು ಮುಚ್ಚಿಡುವುದೇಕೆ?

ತೀರ್ಪುಗಾರ್ತಿ ಬಗ್ಗಿ ನೋಡಿದಳು. ಈ ದೇಶದ ಜನ ಮುಖಕ್ಕೆ ಹೊಡೆದಹಾಗೆ ಮಾತಾಡುವವರು, ಅವಳೂ ಅಷ್ಟೇ. "ಅಯ್ಯೋ, ಇದನ್ನ ಯಾರೋ ಉಜ್ಜಿ ಹಾಳುಮಾಡಿದ್ದಾರಲ್ರೀ! ಒಳ್ಳೇ ಸಾಲು ಕೆಟ್ಟೋಯ್ತು." ಹಾಳೆಯಲ್ಲಿ ಏನೋ ಗೀಚಿ ಮುಂದಿನ ಮೇಜಿಗೆ ಹೋದಳು.

ಅತ್ತೆಯ ಕಿವಿ ಚುರುಕು. ಅವರ ಮುಖ ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು.

"ನಾನು ಉಜ್ಜಬಾರದಿತ್ತಾ?"

"ನಾಣ್ಯ ಸಂಗ್ರಹಿಸೋರು ಉಜ್ಜಲ್ಲ ಅತ್ತೆ."

"ಹುಟ್ಟುಹಬ್ಬದ ದಿನವೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ತೆ ಆ ಇನ್ನೊಂದು ಚೆನ್ನಾಗಿತ್ತಲ್ಲೋ. ಅದು ಇದ್ದಿದ್ರೆ ಗೆಲ್ತಿದ್ದೆ ತಾನೆ? ಯಾಕೆ ತೆಗ್ದೆ ದಡ್ಡ?"

ವೊಬ್ಬೆ ರೂಲೊಫ್‌ನ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಾಗದದ ಚೀಲಕ್ಕೆ ಹಾಕುತ್ತಿದ್ದ. ತಲೆಯೆತ್ತಲಿಲ್ಲ.

"ಅದು ನಮ್ಮ ಮನೇದಲ್ಲ ಅತ್ತೆ."

ಅತ್ತೆ ಮತ್ತೆ ತಟ್ಟೆಯ ಮೇಲೆ ಬಗ್ಗಿದರು. ಹತ್ತು ಗುಳಿಗಳನ್ನೂ ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಗಾಜಿನ ಮೇಲೆ ತಮ್ಮದೇ ಬೆರಳಿನ ಗುರುತು ಕಾಣಿಸಿತು. ಕರವಸ್ತ್ರ ತೆಗೆದು, ಕಣ್ಣು ಒರೆಸಿಕೊಂಡು, ಅದರಲ್ಲೇ ಮುಚ್ಚಳವನ್ನು ಉಜ್ಜತೊಡಗಿದರು. ವೊಬ್ಬೆ ತಡೆಯಲಿಲ್ಲ.